ಆಟಗಾರ ಬಾಯಿ ಬಿಡಲಿ ಎನ್ನುವ ಮೊದಲು ಗ್ಯಾಲರಿಯ ಬಾಯಿ ನೋಡಿ

ಮಾನ್ಯ ಸಂಪಾದಕರೇ,

ವಿದೇಶದಲ್ಲಿ ಯಾರಾದರೊಬ್ಬ ಆಟಗಾರ ‘ನಾನು ಗೇ’ ಎಂದು ಹೇಳಿಕೊಂಡ ಮರುದಿನ ನಮ್ಮ ಕ್ರೀಡಾ ಪುಟಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ನಮ್ಮ ಪುರುಷ ಕ್ರಿಕೆಟಿಗರಲ್ಲಿ ಯಾರೂ ಯಾಕೆ ಹೀಗೆ ಹೇಳಿಕೊಂಡಿಲ್ಲ? ನಾಲ್ಕು ದಿನ ಚರ್ಚೆ ನಡೆಯುತ್ತದೆ. ಮುಂದಿನ ಆಟಗಾರ ಬಾಯಿ ಬಿಡುವವರೆಗೆ ಮತ್ತೆ ಸದ್ದಿಲ್ಲ. ಟಿಕೆಟ್ ಕೊಂಡು ಆಟ ನೋಡುವವರಿಗೆ ಈ ಪ್ರಶ್ನೆ ತಲೆಕೆಳಗಾಗಿ ಕಾಣುತ್ತದೆ. ಮೈದಾನದೊಳಗಿನವರನ್ನು ಬೆರಳಲ್ಲಿ ಎಣಿಸಬಹುದು. ಗ್ಯಾಲರಿಯಲ್ಲಿ ಕೂತವರು ಮೂವತ್ತು ಸಾವಿರ. ಅವರಲ್ಲಿ ಗೇ ಅಭಿಮಾನಿಗಳು, ಲೆಸ್ಬಿಯನ್ ಅಭಿಮಾನಿಗಳು ಇದ್ದೇ ಇದ್ದಾರೆ. ತಂಡದ ಜೆರ್ಸಿ ತೊಟ್ಟು, ಮುಖಕ್ಕೆ ಬಣ್ಣ ಬಳಿದುಕೊಂಡು, ಎಲ್ಲರ ಜೊತೆ ಎದ್ದು ಕೂಗುತ್ತಿರುತ್ತಾರೆ. ಹಿಂದಿನ ಸಾಲಿನಿಂದ ಬರುವ ಬೈಗುಳ ಪಿಚ್ ತಲುಪುವುದಕ್ಕೂ ಮೊದಲು ಅವರ ಕಿವಿ ತಲುಪುತ್ತದೆ. ಆಟಗಾರನ ಧೈರ್ಯದ ಮಾತು ಆಮೇಲೆ ಆಡೋಣ. ಗ್ಯಾಲರಿಯ ಭಾಷೆಯನ್ನು ಹತೋಟಿಗೆ ತರುವ ಕೆಲಸವನ್ನು ಬೇರೆ ದೇಶಗಳಲ್ಲಿ ಹೇಗೆ ಮಾಡಿದ್ದಾರೆ, ಎಲ್ಲಿ ಎಡವಿದ್ದಾರೆ, ಇಲ್ಲಿ ಏನು ಸಾಧ್ಯ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ. ಪತ್ರ ಉದ್ದವಾದರೆ ಕ್ಷಮೆ ಇರಲಿ.

ಕ್ರಿಕೆಟ್‌ನಿಂದಲೇ ಶುರು ಮಾಡೋಣ. 2019ರ ಫೆಬ್ರುವರಿಯಲ್ಲಿ ಸೇಂಟ್ ಲೂಸಿಯಾ ದ್ವೀಪದ ಗ್ರೊಸ್ ಐಲೆಟ್‌ನಲ್ಲಿ ವೆಸ್ಟ್ ಇಂಡೀಸ್–ಇಂಗ್ಲೆಂಡ್ ಮೂರನೇ ಟೆಸ್ಟ್. ಇಂಗ್ಲೆಂಡ್ ನಾಯಕ ಜೋ ರೂಟ್ ಬ್ಯಾಟ್ ಮಾಡುತ್ತಿದ್ದರು, ವೇಗಿ ಶಾನನ್ ಗೇಬ್ರಿಯಲ್ ಏನೋ ಅಂದರು. ಅಂದದ್ದು ಏನು ಎಂಬುದು ಸ್ಟಂಪ್ ಮೈಕ್‌ಗೆ ಸಿಗಲಿಲ್ಲ. ಸಿಕ್ಕಿದ್ದು ರೂಟ್ ಕೊಟ್ಟ ಉತ್ತರ ಮಾತ್ರ: ‘ಅದನ್ನು ಬೈಗುಳವಾಗಿ ಬಳಸಬೇಡ. ಗೇ ಆಗಿರುವುದರಲ್ಲಿ ತಪ್ಪೇನೂ ಇಲ್ಲ.’ ಅಂಪೈರ್‌ಗಳು ಅಲ್ಲೇ ಎಚ್ಚರಿಕೆ ಕೊಟ್ಟರು. ನಂತರ ದೂರು ದಾಖಲಾಯಿತು, ಪಂದ್ಯ ಶುಲ್ಕದ ಶೇ 75 ದಂಡ, ಮೂರು ಡಿಮೆರಿಟ್ ಅಂಕ. ಹಳೆಯ ಅಂಕಗಳೂ ಸೇರಿ ಲೆಕ್ಕ ಎಂಟಕ್ಕೆ ಮುಟ್ಟಿದ್ದರಿಂದ ಗೇಬ್ರಿಯಲ್ ನಾಲ್ಕು ಏಕದಿನ ಪಂದ್ಯ ಕಳೆದುಕೊಂಡರು. ‘ನನ್ನನ್ನು ನೋಡಿ ಯಾಕೆ ನಗ್ತೀಯ, ನಿನಗೆ ಹುಡುಗರು ಇಷ್ಟವಾ’ ಎಂದು ಕೇಳಿದ್ದೆ ಎಂದು ಅವರೇ ಆಮೇಲೆ ಹೇಳಿಕೆ ಕೊಟ್ಟು ಕ್ಷಮೆ ಕೇಳಿದರು. ಆಗ ಆ ದ್ವೀಪದಲ್ಲಿ ಸಲಿಂಗ ಸಂಬಂಧ ಕಾನೂನಿನ ಪ್ರಕಾರ ಅಪರಾಧವಾಗಿತ್ತು; ಅಲ್ಲಿಯ ನ್ಯಾಯಾಲಯ ಆ ಕಾನೂನನ್ನು ತೆಗೆದುಹಾಕಿದ್ದು 2025ರ ಜುಲೈನಲ್ಲಿ. ಅಂದರೆ ದೇಶದ ಕಾನೂನು ಬದಲಾಗುವುದಕ್ಕೆ ಆರು ವರ್ಷ ಮೊದಲೇ ಪಿಚ್ ಮೇಲಿನ ನಿಯಮ ತನ್ನ ಕೆಲಸ ಮಾಡಿತ್ತು. ಅದಕ್ಕೆ ಕಾರಣವಾದದ್ದು ಯಾರ ಒಳ್ಳೆಯತನವೂ ಅಲ್ಲ. ಮೈಕ್ ಇತ್ತು, ಕೇಳಿಸಿಕೊಂಡ ಅಂಪೈರ್ ಇದ್ದರು, ಎಷ್ಟು ತಪ್ಪಿಗೆ ಎಷ್ಟು ಪಂದ್ಯ ಎಂಬ ಪಟ್ಟಿ ಮೊದಲೇ ಅಚ್ಚಾಗಿತ್ತು. 2020ರ ಜನವರಿಯಲ್ಲಿ ಆಸ್ಟ್ರೇಲಿಯಾದ ಟಿ20 ಲೀಗ್ ಬಿಗ್ ಬ್ಯಾಷ್‌ನ ಪಂದ್ಯದಲ್ಲಿ ಇದೇ ಬಗೆಯ ಮಾತಾಡಿದ ಮಾರ್ಕಸ್ ಸ್ಟೊಯಿನಿಸ್ 7,500 ಆಸ್ಟ್ರೇಲಿಯನ್ ಡಾಲರ್ ದಂಡ ಕಟ್ಟಿದರು.

ಮೈಕ್, ಅಂಪೈರ್, ಶಿಕ್ಷೆಯ ಪಟ್ಟಿ: ಗ್ಯಾಲರಿಯಲ್ಲಿ ಈ ಮೂರರಲ್ಲಿ ಒಂದೂ ಇಲ್ಲ.

ಇದನ್ನು ಸರಿಪಡಿಸಲು ಹೆಚ್ಚು ವರ್ಷ ಹೆಣಗಿದವರು ಇಂಗ್ಲೆಂಡಿನ ಫುಟ್‌ಬಾಲ್‌ನವರು. ಅವರ ಹಳೆಯ ಪಾಪವೂ ದೊಡ್ಡದೇ. 1981ರಲ್ಲಿ ಹತ್ತು ಲಕ್ಷ ಪೌಂಡ್‌ಗೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿದ ಜಸ್ಟಿನ್ ಫ್ಯಾಷನು ಅಷ್ಟು ಬೆಲೆ ಪಡೆದ ಮೊದಲ ಕಪ್ಪು ವರ್ಣದ ಬ್ರಿಟಿಷ್ ಫುಟ್‌ಬಾಲಿಗ. ಗೇ ಬಾರ್‌ಗಳಿಗೆ ಹೋಗುತ್ತಾರೆಂದು ಗೊತ್ತಾದಾಗ ಮ್ಯಾನೇಜರ್ ಬ್ರಯನ್ ಕ್ಲಫ್ ಅವರನ್ನು ತಂಡದ ಜೊತೆ ಅಭ್ಯಾಸ ಮಾಡದಂತೆ ತಡೆದರು. 1990ರಲ್ಲಿ ಫ್ಯಾಷನು ತಾವು ಗೇ ಎಂದು ಬಹಿರಂಗವಾಗಿ ಹೇಳಿದರು. 1998ರ ಮೇ ತಿಂಗಳಲ್ಲಿ ಜೀವ ಕಳೆದುಕೊಂಡಾಗ ಅವರಿಗೆ 37 ವರ್ಷ. ಆಡುತ್ತಿರುವಾಗಲೇ ಹೀಗೆ ಹೇಳಿಕೊಂಡ ಮುಂದಿನ ವೃತ್ತಿಪರ ಪುರುಷ ಆಟಗಾರ ಬ್ರಿಟನ್ನಿಗೆ ಸಿಕ್ಕಿದ್ದು 2022ರ ಮೇನಲ್ಲಿ: ಬ್ಲ್ಯಾಕ್‌ಪೂಲ್ ತಂಡದ ಜೇಕ್ ಡೇನಿಯಲ್ಸ್, ವಯಸ್ಸು 17. ನಡುವಿನ ಅಂತರ 32 ವರ್ಷ. ಜರ್ಮನಿಗೆ 52 ಪಂದ್ಯ ಆಡಿದ ಥಾಮಸ್ ಹಿಟ್ಸಲ್ಸ್‌ಪರ್ಗರ್ ಆಸ್ಟನ್ ವಿಲ್ಲಾದಲ್ಲೂ ಆಡಿದ್ದವರು. ಹೇಳಿದ್ದು ನಿವೃತ್ತಿಯಾದ ಮೇಲೆ, 2014ರಲ್ಲಿ.

ಈ 32 ವರ್ಷಗಳನ್ನು ಅರ್ಥ ಮಾಡಿಕೊಳ್ಳಲು ಗೇ ಅಲ್ಲದ ಒಬ್ಬ ಆಟಗಾರನ ಕಥೆ ಸಾಕು. ಗ್ರಹಾಂ ಲೆ ಸೊ ಚೆಲ್ಸಿಯಾದ ಎಡ ಬದಿಯ ಡಿಫೆಂಡರ್. ಗಂಭೀರ ಪತ್ರಿಕೆ ಓದುತ್ತಿದ್ದರು, ವಸ್ತುಸಂಗ್ರಹಾಲಯಗಳಿಗೆ ಹೋಗುತ್ತಿದ್ದರು, ಉಳಿದವರಂತೆ ಕುಡಿಯುತ್ತಿರಲಿಲ್ಲ. ಡ್ರೆಸಿಂಗ್ ರೂಮಿನಲ್ಲಿ ಹುಟ್ಟಿದ ಗುಸುಗುಸು ಗ್ಯಾಲರಿಗೆ ಹಬ್ಬಿತು. ಊರೂರಿನ ಕ್ರೀಡಾಂಗಣಗಳಲ್ಲಿ ಸಾವಿರಾರು ಜನ ಅವರನ್ನು ಗೇ ಎಂದು ಹಾಡಿ ಹಂಗಿಸಿದರು. 1999ರ ಫೆಬ್ರುವರಿಯಲ್ಲಿ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್‌ನಲ್ಲಿ ಲಿವರ್‌ಪೂಲ್‌ನ ರಾಬಿ ಫೌಲರ್ ಅವರ ಎದುರು ಬಗ್ಗಿ ಹಿಂಭಾಗ ತೋರಿಸಿ ಅಣಕಿಸಿದರು. ಲೆ ಸೊ ರೆಫರಿಯತ್ತ ನೋಡಿದರು. ಹಳದಿ ಕಾರ್ಡ್ ಸಿಕ್ಕಿದ್ದು ಫ್ರೀ ಕಿಕ್ ಹೊಡೆಯದೆ ಹೊತ್ತು ಕಳೆದರು ಎಂದು ಲೆ ಸೊ ಅವರಿಗೇ. ಫೌಲರ್‌ಗೆ ಶಿಕ್ಷೆ ಬಂದದ್ದು ಆಮೇಲೆ, ಟಿ.ವಿ. ದೃಶ್ಯ ನೋಡಿದ ನಂತರ. ಯಾರದೋ ಖಾಸಗಿ ಬದುಕಿನ ಬಗ್ಗೆ ‘ಅವನು ಹಾಗಂತೆ’ ಎಂದು ಊಹೆ ಹರಿಬಿಡುವ ಪತ್ರಕರ್ತರೂ ಯೂಟ್ಯೂಬ್ ಚಾನೆಲ್‌ನವರೂ ಈ ಪ್ರಕರಣವನ್ನು ಒಮ್ಮೆ ಓದಿಕೊಂಡರೆ ಒಳ್ಳೆಯದು. ಗೇ ಅಲ್ಲದವನಿಗೇ ಇಷ್ಟು ಕಾಟ ಕೊಡುವ ಗ್ಯಾಲರಿಯ ಮುಂದೆ, ಗೇ ಆಗಿರುವವನು ಯಾವ ಲೆಕ್ಕ ಹಾಕಿ ಬಾಯಿ ಬಿಡಬೇಕು?

ಈಗ ಹಾಡುಗಳ ವಿಷಯ. ಚೆಲ್ಸಿಯಾ ತಂಡದ ವಿರುದ್ಧ ಎದುರಾಳಿ ಅಭಿಮಾನಿಗಳು ದಶಕಗಳಿಂದ ಹಾಡುತ್ತಿದ್ದ ಒಂದು ಘೋಷಣೆಯಲ್ಲಿ ‘ರೆಂಟ್ ಬಾಯ್’ ಎಂಬ ಮಾತಿದೆ. ದುಡ್ಡಿಗೆ ಮೈ ಮಾರುವ ಹುಡುಗ ಎಂದು ಅರ್ಥ. ಬೆಂಗಳೂರಿನ ಪಬ್‌ಗಳಲ್ಲಿ ಕೂತು ರಾತ್ರಿ ಪ್ರೀಮಿಯರ್ ಲೀಗ್ ನೋಡುವವರು ಅಂತರ್ಜಾಲದಲ್ಲಿ ಕೇಳಿ ಕಲಿಯುವ ಹಾಡುಗಳ ರಾಶಿಯಲ್ಲಿ ಇದೂ ಸಿಗುತ್ತದೆ. ಅರ್ಥ ತಿಳಿಯದೆ ಹಾಡುವುದು ಸುಲಭ. ಇಂಗ್ಲೆಂಡಿನಲ್ಲಿ ಅರ್ಥ ಎಲ್ಲರಿಗೂ ಗೊತ್ತಿತ್ತು, ‘ತಮಾಷೆಗೆ’ ಎಂಬ ನೆಪವೂ ಸಿದ್ಧವಿತ್ತು. 2021ರ ಆಗಸ್ಟ್‌ನಲ್ಲಿ ನಾರ್ವಿಚ್ ಪರ ಆಡುತ್ತಿದ್ದ, ಚೆಲ್ಸಿಯಾದಿಂದ ಎರವಲು ಬಂದಿದ್ದ ಬಿಲ್ಲಿ ಗಿಲ್ಮೋರ್ ಮೇಲೆ ಲಿವರ್‌ಪೂಲ್ ಅಭಿಮಾನಿಗಳು ಇದನ್ನು ಹಾಡಿದರು. ಲಿವರ್‌ಪೂಲ್‌ನ ಗೇ ಅಭಿಮಾನಿಗಳ ಗುಂಪು ‘ಕಾಪ್ ಔಟ್ಸ್’ ದೂರು ಕೊಟ್ಟಿತು. ಕ್ಲಬ್ ಒಂದು ಹೇಳಿಕೆ ಹೊರಡಿಸಿ ಕೈ ತೊಳೆದುಕೊಳ್ಳಬಹುದಿತ್ತು. ಬದಲಿಗೆ ಕೋಚ್ ಯೂರ್ಗನ್ ಕ್ಲಾಪ್ ಆ ಗುಂಪಿನವರ ಜೊತೆ ಕ್ಯಾಮೆರಾ ಮುಂದೆ ಕೂತು, ಈ ಹಾಡು ನಮಗೆ ಬೇಡ ಎಂದು ತಮ್ಮದೇ ಅಭಿಮಾನಿಗಳಿಗೆ ಹೇಳಿದರು. 2022ರ ಜನವರಿಯಲ್ಲಿ ಸರ್ಕಾರಿ ಅಭಿಯೋಜನಾ ಇಲಾಖೆ ಇದನ್ನು ದ್ವೇಷದ ಅಪರಾಧವಾಗಿ ನ್ಯಾಯಾಲಯಕ್ಕೆ ಒಯ್ಯಬಹುದು ಎಂದು ಸ್ಪಷ್ಟಪಡಿಸಿತು. ಒಂದು ವರ್ಷದ ನಂತರ ಫುಟ್‌ಬಾಲ್ ಸಂಸ್ಥೆ, ಅಭಿಮಾನಿಗಳು ಹಾಡಿದರೆ ಕ್ಲಬ್ ಮೇಲೇ ಆರೋಪ ಹೊರಿಸುತ್ತೇವೆ ಎಂದಿತು. 2023ರ ಏಪ್ರಿಲ್‌ನಲ್ಲಿ ತವರಿನಲ್ಲಿ ಚೆಲ್ಸಿಯಾ ಜೊತೆ ಆಡಿದ ವೂಲ್ವ್ಸ್ ಕ್ಲಬ್‌ಗೆ ಒಂದು ಲಕ್ಷ ಪೌಂಡ್ ದಂಡ ಬಿತ್ತು. ಕೋಚ್, ಕಾನೂನು, ಖಜಾನೆ ಎಂಬ ಕ್ರಮದಲ್ಲಿ ಬಂದ ಈ ಮೂರರಲ್ಲಿ ಕ್ಲಬ್‌ಗಳ ಕಿವಿಗೆ ಜೋರಾಗಿ ಬಿದ್ದದ್ದು ಮೂರನೆಯದು ಎಂಬುದು ನಮ್ಮ ಅನಿಸಿಕೆ.

ಆದರೆ ದಂಡ ಹಾಕುವುದಕ್ಕೂ ಮೊದಲು ಯಾರು, ಎಲ್ಲಿ, ಯಾವಾಗ ಎಂಬುದು ಗೊತ್ತಾಗಬೇಕಲ್ಲ? ನಿಜವಾದ ಕಸರತ್ತು ಇಲ್ಲಿದೆ. ಇಂಗ್ಲೆಂಡಿನ ಹಲವು ಕ್ಲಬ್‌ಗಳಲ್ಲಿ ದೂರಿಗೊಂದು ಮೊಬೈಲ್ ಸಂಖ್ಯೆ ಇರುತ್ತದೆ. ಪಂದ್ಯ ನಡೆಯುವಾಗಲೇ ಸಂದೇಶ ಕಳಿಸಬಹುದು. ‘ಕಿಕ್ ಇಟ್ ಔಟ್’ ಎಂಬ ಸಂಸ್ಥೆ 1993ರಿಂದ ಫುಟ್‌ಬಾಲ್‌ನಲ್ಲಿ ಜನಾಂಗ ದ್ವೇಷದ ವಿರುದ್ಧ ಕೆಲಸ ಮಾಡುತ್ತಿದೆ, ಅದರ ಆ್ಯಪ್‌ನಲ್ಲೂ ದೂರು ಕೊಡಬಹುದು. ಒಳ್ಳೆಯ ದೂರಿನಲ್ಲಿ ಐದು ವಿವರ ಇರಬೇಕು: ಬ್ಲಾಕ್, ಸಾಲು, ಸೀಟಿನ ಅಂದಾಜು, ಸಮಯ, ಕೇಳಿಸಿದ ಮಾತು. ಸಮಯ ಬರೆಯುವಾಗ ಗಡಿಯಾರದ ಹೊತ್ತಿಗಿಂತ ಆಟದ ಹೊತ್ತು ಉತ್ತಮ. ಫುಟ್‌ಬಾಲ್‌ನಲ್ಲಿ ನಿಮಿಷ, ಕ್ರಿಕೆಟ್‌ನಲ್ಲಾದರೆ ಓವರ್ ಮತ್ತು ಎಸೆತ. ನಿಯಂತ್ರಣ ಕೊಠಡಿಯಲ್ಲಿ ಕ್ಯಾಮೆರಾ ನೋಡುವವನು ಅದೇ ಲೆಕ್ಕದಲ್ಲಿ ದೃಶ್ಯ ಹಿಂದಕ್ಕೆ ಓಡಿಸುತ್ತಾನೆ. ಮಾತನ್ನು ಇದ್ದದ್ದು ಇದ್ದಂತೆ ಬರೆಯಬೇಕು. ‘ಕೆಟ್ಟದಾಗಿ ಬೈದರು’ ಎಂದಷ್ಟೇ ಬರೆದರೆ ಆ ದೂರಿನಿಂದ ಏನೂ ಹುಟ್ಟುವುದಿಲ್ಲ.

ಇಷ್ಟೆಲ್ಲ ಇದ್ದೂ ಎಡವಟ್ಟು ಆಗುತ್ತದೆ. ಮೊದಲನೆಯದು, ಕ್ಯಾಮೆರಾಕ್ಕೆ ಕಣ್ಣಿದೆ, ಕಿವಿ ಇಲ್ಲ. ಬಾಯಿ ಆಡುವುದು ಕಾಣುತ್ತದೆ, ಏನು ಹೇಳಿದ ಎನ್ನುವುದಕ್ಕೆ ಸಾಕ್ಷಿ ಬೇರೆ ಬೇಕು. ಅದಕ್ಕೇ ಕೆಲವೆಡೆ ಸಿಬ್ಬಂದಿಯ ಎದೆಗೆ ಧ್ವನಿಯೂ ದಾಖಲಾಗುವ ಕ್ಯಾಮೆರಾ ಕಟ್ಟುತ್ತಾರೆ. ಎರಡನೆಯದು, ಸೀಟುಗಳ ನಡುವೆ ನಿಲ್ಲುವ ಸಿಬ್ಬಂದಿ ದಿನಗೂಲಿಯವನು. ಮೈದಾನಕ್ಕೆ ಯಾರೂ ನುಗ್ಗದಂತೆ ನೋಡಿಕೊಳ್ಳುವುದೇ ತನ್ನ ಕೆಲಸ ಎಂದುಕೊಂಡಿರುತ್ತಾನೆ. ಯಾವ ಮಾತು ಬೈಗುಳ, ಯಾವುದು ಸುಮ್ಮನೆ ಕಾಲೆಳೆಯುವುದು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ದೂರು ಬಂದೊಡನೆ ಸಿಬ್ಬಂದಿ ನೇರವಾಗಿ ದೂರು ಕೊಟ್ಟವನ ಸೀಟಿನ ಬಳಿ ಬಂದು ‘ಯಾರು ಸರ್, ಇವರಾ?’ ಎಂದು ಬೆರಳು ತೋರಿಸುವುದು. ಆಮೇಲೆ ಉಳಿದ ಆಟವನ್ನು, ಮನೆಗೆ ಹೋಗುವ ದಾರಿಯನ್ನು ಆ ಅಭಿಮಾನಿ ಹೇಗೆ ಕಳೆಯಬೇಕು? ಪಳಗಿದ ಸಿಬ್ಬಂದಿ ದೂರುದಾರನ ಕಡೆ ತಿರುಗಿಯೂ ನೋಡುವುದಿಲ್ಲ. ವಿರಾಮದವರೆಗೆ ಕಾಯುತ್ತಾರೆ, ಇಬ್ಬರು ಜೊತೆಯಾಗಿ ಬರುತ್ತಾರೆ, ಬೈದವನನ್ನು ಮೆಟ್ಟಿಲ ಬಳಿ ಕರೆದು ಮಾತಾಡಿಸುತ್ತಾರೆ. ಮೊದಲ ಸಲಕ್ಕೆ ಎಚ್ಚರಿಕೆ, ಎರಡನೇ ಸಲಕ್ಕೆ ಗೇಟಿನಾಚೆ.

ಒಬ್ಬಿಬ್ಬರಾದರೆ ಹೀಗೆ. ಎಂಟುನೂರು ಜನ ಒಟ್ಟಿಗೆ ಹಾಡಿದರೆ? ಎಂಟುನೂರು ಜನರನ್ನು ಹೊರದಬ್ಬಲು ಆಗದು, ಗುಂಪಿನೊಳಗೆ ನುಗ್ಗಿದರೆ ತುಳಿತವಾಗುತ್ತದೆ. ಆಗ ಇರುವ ದಾರಿ ದೊಡ್ಡ ಪರದೆ, ಧ್ವನಿವರ್ಧಕ, ಕೊನೆಗೆ ರೆಫರಿ. ಇದಕ್ಕೆ ಉದಾಹರಣೆ ಮೆಕ್ಸಿಕೊ. ಎದುರಾಳಿ ಗೋಲ್‌ಕೀಪರ್ ಗೋಲ್ ಕಿಕ್‌ಗೆಂದು ಚೆಂಡಿಟ್ಟು ಹಿಂದೆ ಸರಿಯುತ್ತಾನೆ. ಗ್ಯಾಲರಿ ‘ಏ…’ ಎಂದು ಎಳೆಯುತ್ತ ಹೋಗುತ್ತದೆ. ಕಾಲು ಚೆಂಡಿಗೆ ತಾಗಿದ ಕ್ಷಣ ಎಲ್ಲರೂ ಒಟ್ಟಿಗೆ, ಗೇ ಗಂಡಸರಿಗೆ ಬಳಸುವ ಬೈಗುಳವೊಂದನ್ನು ಕೂಗುತ್ತಾರೆ. ಇಡೀ ಆಚರಣೆ ಎಂಟು ಹತ್ತು ಸೆಕೆಂಡ್. ಫಿಫಾ ಮೇಲಿಂದ ಮೇಲೆ ದಂಡ ಹಾಕಿತು, ಮೆಕ್ಸಿಕೊ ಫೆಡರೇಷನ್ ಕಟ್ಟುತ್ತಾ ಹೋಯಿತು, ಕೂಗು ನಿಲ್ಲಲಿಲ್ಲ. ಕೂಗುವವನ ಜೇಬಿನಿಂದ ಒಂದು ಪೆಸೊ ಕೂಡ ಹೋಗದಿದ್ದರೆ ಅವನಿಗೇನು? ಪ್ರೇಕ್ಷಕರಿಲ್ಲದೆ ಪಂದ್ಯ ಆಡಿಸುವ ಶಿಕ್ಷೆ ಬಂದ ಮೇಲೆ, 2022ರಲ್ಲಿ, ಫೆಡರೇಷನ್ ತಂತ್ರ ಬದಲಿಸಿತು: ಟಿಕೆಟ್ ಕೊಳ್ಳುವವರು ಹೆಸರು ನೋಂದಾಯಿಸಬೇಕು, ಕ್ಯೂಆರ್ ಕೋಡ್ ತೋರಿಸಿ ಒಳಬರಬೇಕು, ಕೂಗಿ ಸಿಕ್ಕಿಬಿದ್ದರೆ ಐದು ವರ್ಷ ರಾಷ್ಟ್ರೀಯ ತಂಡದ ಪಂದ್ಯಗಳಿಗೆ ಪ್ರವೇಶವಿಲ್ಲ. ಪೂರ್ತಿ ಗೆದ್ದರೇ? ಇಲ್ಲ. 2023ರ ಜೂನ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಅಮೆರಿಕ ಎದುರಿನ ಪಂದ್ಯದಲ್ಲಿ ಅದೇ ಕೂಗು ಮತ್ತೆ ಎದ್ದು, ರೆಫರಿ ಇವಾನ್ ಬಾರ್ಟನ್ ಆಟ ನಿಲ್ಲಿಸಿದರು, ಕೊನೆಗೆ ನಿಲುಗಡೆಗೆ ಬದಲಾಗಿ ಸೇರಿಸಿದ ನಿಮಿಷಗಳು ಮುಗಿಯುವ ಮೊದಲೇ ಸೀಟಿ ಊದಿ ಪಂದ್ಯವನ್ನೇ ಮುಗಿಸಿದರು. ಟಿಕೆಟ್ ಮಾರಿದವರು ಬೇರೆ, ಹೆಸರಿನ ಪಟ್ಟಿ ಇಟ್ಟವರು ಬೇರೆಯಾದರೆ ಯಾವ ಕಟ್ಟಳೆಯೂ ಗಡಿ ದಾಟುವುದಿಲ್ಲ.

ಗೇ ಸಮುದಾಯದ ಗುರುತಾದ ಕಾಮನಬಿಲ್ಲಿನ ಲೇಸು, ತೋಳುಪಟ್ಟಿಗಳ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳಿಗೆ ದುಡಿಯುವ ಬ್ರಿಟನ್ನಿನ ಸ್ಟೋನ್‌ವಾಲ್ ಸಂಸ್ಥೆ 2013ರಲ್ಲಿ ಬೂಟಿನ ಲೇಸಿನ ಅಭಿಯಾನ ಶುರು ಮಾಡಿದಾಗ ಅದಕ್ಕೊಂದು ಅರ್ಥವಿತ್ತು. ಗ್ಯಾಲರಿಯಲ್ಲಿ ಒಂಟಿಯಾಗಿ ಕೂತವನಿಗೆ ‘ನೀನೊಬ್ಬನೇ ಅಲ್ಲ’ ಎಂದು ಹೇಳಿದಂತಿತ್ತು. ವರ್ಷಗಳುರುಳಿ ಅದು ನಾಯಕರ ಪರೀಕ್ಷೆಯಾಯಿತು. 2024ರ ಡಿಸೆಂಬರ್ ಹೊತ್ತಿಗೆ ಇಪ್ಸ್‌ವಿಚ್ ನಾಯಕ ಪಟ್ಟಿ ಕಟ್ಟಲಿಲ್ಲ, ಕ್ರಿಸ್ಟಲ್ ಪ್ಯಾಲೇಸ್ ನಾಯಕ ಅದರ ಮೇಲೆ ಏಸುವಿನ ಹೆಸರು ಬರೆದರು ಎಂಬುದೇ ಸುದ್ದಿ. ಆ ವಾರ ಗ್ಯಾಲರಿಯಲ್ಲಿ ಏನಾಯಿತು ಎಂದು ಯಾರೂ ಕೇಳಲಿಲ್ಲ. 2025ರಲ್ಲಿ ಪ್ರೀಮಿಯರ್ ಲೀಗ್ ಸ್ಟೋನ್‌ವಾಲ್ ಜೊತೆಗಿನ ಒಪ್ಪಂದವನ್ನೂ ಮುಗಿಸಿತು. ಪಟ್ಟಿ ಹೋದರೆ ಹೋಗಲಿ. ದೂರಿನ ಸಂಖ್ಯೆ ಹೋದರೆ ಮಾತ್ರ ನಮಗೆ ಚಿಂತೆ.

ಕತಾರ್ ವಿಶ್ವಕಪ್‌ನಲ್ಲೂ ಇದೇ ಆಯಿತು. ದೋಹಾದಲ್ಲಿ ಕನ್ನಡಿಗರು ಕಡಿಮೆ ಇಲ್ಲ. ಕರಾವಳಿಯ ಎಷ್ಟೋ ಮನೆಗಳ ಒಬ್ಬರಾದರೂ ಅಲ್ಲಿರುತ್ತಾರೆ. ಹಾಗಾಗಿ ನಮ್ಮ ಓದುಗರಿಗೆ ಅದು ತೀರಾ ದೂರದ ವಿಶ್ವಕಪ್ ಆಗಿರಲಿಲ್ಲ. 2022ರ ನವೆಂಬರ್ 21ರಂದು ಯುರೋಪಿನ ಏಳು ತಂಡಗಳು, ಹಳದಿ ಕಾರ್ಡ್‌ನ ಬೆದರಿಕೆಗೆ ಹೆದರಿ, ‘ಒನ್ ಲವ್’ ತೋಳುಪಟ್ಟಿಯನ್ನು ಕೈಬಿಟ್ಟವು. ಅದು ದೊಡ್ಡ ಸುದ್ದಿ. ಅದೇ ದಿನ ಅಹ್ಮದ್ ಬಿನ್ ಅಲಿ ಕ್ರೀಡಾಂಗಣದ ಗೇಟಿನಲ್ಲಿ ವೇಲ್ಸ್ ಅಭಿಮಾನಿಗಳ ತಲೆಯ ಮೇಲಿನ ಕಾಮನಬಿಲ್ಲಿನ ಬಟ್ಟೆ ಟೋಪಿಗಳನ್ನು ತೆಗೆಸಿದರು. ವೇಲ್ಸ್ ಮಹಿಳಾ ತಂಡದ ಮಾಜಿ ನಾಯಕಿ ಲಾರಾ ಮೆಕಲಿಸ್ಟರ್ ಅವರನ್ನೂ ಬಿಡಲಿಲ್ಲ. ಎಲ್ಲರಿಗೂ ಸ್ವಾಗತ ಎಂದು ಸಂಘಟಕರು ಮೊದಲೇ ಮಾತು ಕೊಟ್ಟಿದ್ದರು. ಮಾತು ಕೊಟ್ಟವರು ಎ.ಸಿ. ಕೋಣೆಯಲ್ಲಿದ್ದರು, ಟೋಪಿ ತೆಗೆಸಿದವನು ಗೇಟಿನಲ್ಲಿದ್ದ. ಅವನಿಗೆ ಆ ಮಾತು ತಲುಪಿರಲೇ ಇಲ್ಲ. ದೊಡ್ಡ ಕೂಟಗಳಲ್ಲಿ ತಪ್ಪುವುದು ಸಾಮಾನ್ಯವಾಗಿ ಈ ಕೊಂಡಿಯೇ. ಗೇಟಿನ ಸಿಬ್ಬಂದಿಗೆ ಕೊಡುವ ನಿಷೇಧಿತ ವಸ್ತುಗಳ ಚಿತ್ರಪಟ್ಟಿಯಲ್ಲಿ ಏನಿದೆ, ಏನಿಲ್ಲ ಎಂಬುದು ಪತ್ರಿಕಾಗೋಷ್ಠಿಗಿಂತ ಮುಖ್ಯ.

ಅಭಿಮಾನಿ ಗುಂಪುಗಳ ಬಗ್ಗೆ ಎರಡು ಮಾತು. ಆರ್ಸೆನಲ್‌ನ ‘ಗೇ ಗೂನರ್ಸ್’ 2013ರಲ್ಲಿ ಹುಟ್ಟಿತು, ಮರುವರ್ಷ ಟಾಟನ್‌ಹ್ಯಾಮ್‌ನ ‘ಪ್ರೌಡ್ ಲಿಲಿವೈಟ್ಸ್’. ಈಗ ಇಂಥ ಗುಂಪುಗಳಿಗೆಲ್ಲ ಒಂದು ಒಕ್ಕೂಟವೇ ಇದೆ. ಇವರು ಬರೀ ಮೆರವಣಿಗೆ ಮಾಡುವವರೆಂದು ತಿಳಿಯಬಾರದು. ಪರ ಊರಿನ ಪಂದ್ಯಕ್ಕೆ ಜೊತೆಯಾಗಿ ಹೋಗುತ್ತಾರೆ. ಒಂಟಿಯಾಗಿ ಬರಲು ಅಳುಕುವವರಿಗೆ ಅದೇ ಆಸರೆ. ಕ್ಲಬ್‌ನಲ್ಲಿ ಹೆಸರು ಹಿಡಿದು ಮಾತಾಡಿಸಬಲ್ಲ ಒಬ್ಬ ಅಧಿಕಾರಿಯ ಸಂಪರ್ಕ ಇಟ್ಟುಕೊಳ್ಳುತ್ತಾರೆ. ಗ್ಯಾಲರಿಯಲ್ಲಿ ತಮ್ಮ ಬ್ಯಾನರ್ ಕಟ್ಟುತ್ತಾರೆ. ದೊಡ್ಡ ಬಟ್ಟೆಯ ಬ್ಯಾನರ್‌ಗೆ ಬೆಂಕಿ ಹೊತ್ತಿಕೊಳ್ಳದ ಬಟ್ಟೆ ಎಂಬ ಪ್ರಮಾಣಪತ್ರ ಬೇಕಾಗುತ್ತದೆ, ಮೊದಲೇ ಅನುಮತಿ ಪಡೆಯಬೇಕಾಗುತ್ತದೆ. ಪಂದ್ಯದ ಬೆಳಿಗ್ಗೆ ಗೇಟಿನಲ್ಲಿ ವಾದ ಮಾಡುವುದಕ್ಕಿಂತ ವಾರ ಮೊದಲೇ ಕಾಗದ ಹಿಡಿದು ಓಡಾಡುವುದು ಮೇಲು ಎಂಬುದನ್ನು ಅವರು ಅನುಭವದಿಂದ ಕಲಿತಿದ್ದಾರೆ.

ಇನ್ನು ನಮ್ಮ ಅಂಗಳ. ಇಲ್ಲಿ ಇಂಗ್ಲಿಷ್ ಹಾಡಿನ ಅಗತ್ಯವಿಲ್ಲ, ನಮ್ಮದೇ ಸರಕು ಸಾಕಷ್ಟಿದೆ. ಕ್ಯಾಚ್ ಬಿಟ್ಟವನಿಗೆ ‘ಬಳೆ ತೊಟ್ಕೊಳ್ಳೋ’, ನಿಧಾನ ಆಡಿದವನಿಗೆ ‘ಸೀರೆ ಉಟ್ಕೊಂಡು ಬಾ’, ಸೋತ ತಂಡಕ್ಕೆ ‘ಗಂಡಸ್ರಾ ನೀವು’. ‘ಒಂಬತ್ತು’ ಎಂಬ ಸಂಖ್ಯೆಗೂ ಇಲ್ಲಿ ಬಿಡುಗಡೆಯಿಲ್ಲ. ಬೆನ್ನ ಮೇಲೆ ಆ ಅಂಕಿ ಹೊತ್ತ ಆಟಗಾರ ಬೌಂಡರಿ ಬಳಿ ನಿಂತರೆ ನಗು ಏಳುತ್ತದೆ. ಹಿಂದಿಯಲ್ಲಿ ಸಿಕ್ಸರ್‌ಗೆ ಇರುವ ಹೆಸರೂ ಒಂದು ಬೈಗುಳವೂ ಒಂದೇ ಆಗಿರುವುದರಿಂದ ಗ್ಯಾಲರಿಯ ಪೋಲಿಗಳಿಗೆ ಬಿಟ್ಟಿ ಶ್ಲೇಷೆ ಸಿಕ್ಕಿದೆ. ಇವೆಲ್ಲ ಹೆಂಗಸರಿಗೆ, ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ, ಗೇ ಗಂಡಸರಿಗೆ ಒಂದೇ ಕಲ್ಲಲ್ಲಿ ಬೀಳುವ ಪೆಟ್ಟು. ಕೂಗುವವನು ಮೈದಾನದಲ್ಲಿರುವವನಿಗೆ ಎಂದು ಕೂಗುತ್ತಾನೆ. ಬೌಂಡರಿ ಬಳಿಯ ಫೀಲ್ಡರ್‌ಗೆ ಅದು ಕೇಳಿಸೀತು, ಕೇಳಿಸದೇ ಇದ್ದೀತು. ಪಕ್ಕದ ಸೀಟಿನವನಿಗೆ ಮಾತ್ರ ಖಂಡಿತ ಕೇಳಿಸುತ್ತದೆ. ಅವನೂ ಎಲ್ಲರ ಜೊತೆ ನಗಬೇಕು, ನಗದಿದ್ದರೆ ಅನುಮಾನ.

ಇದೇ ಚಿನ್ನಸ್ವಾಮಿಯಲ್ಲಿ ಬೇರೆ ದೃಶ್ಯವೂ ಇದೆ. 2024ರ ಮಹಿಳಾ ಪ್ರೀಮಿಯರ್ ಲೀಗ್‌ನ (ಡಬ್ಲ್ಯುಪಿಎಲ್) ಮೊದಲಾರ್ಧ ಇಲ್ಲೇ ನಡೆಯಿತು. ಮುಂಬೈ ಇಂಡಿಯನ್ಸ್‌ನ ನ್ಯಾಟ್ ಸಿವರ್-ಬ್ರಂಟ್ ಬ್ಯಾಟ್ ಹಿಡಿದು ಬಂದಾಗ ಸ್ಕೋರ್‌ಬೋರ್ಡ್ ಮೇಲೆ ಮೂಡಿದ ಆ ಹೆಸರನ್ನು ಗಮನಿಸಿ. ಇಂಗ್ಲೆಂಡಿನ ಈ ಆಲ್‌ರೌಂಡರ್ 2022ರಲ್ಲಿ ತಮ್ಮದೇ ತಂಡದ ವೇಗಿ ಕ್ಯಾಥರೀನ್ ಬ್ರಂಟ್ ಅವರನ್ನು ಮದುವೆಯಾದರು. ಇಬ್ಬರೂ ಎರಡೂ ಮನೆತನದ ಹೆಸರು ಜೋಡಿಸಿಕೊಂಡರು. ನಡುವಿನ ಆ ಅಡ್ಡಗೆರೆಯೇ ಒಂದು ಲಗ್ನಪತ್ರಿಕೆ. ಡೆಲ್ಲಿ ಕ್ಯಾಪಿಟಲ್ಸ್‌ನ ಮರಿಝಾನ್ ಕ್ಯಾಪ್, ದಕ್ಷಿಣ ಆಫ್ರಿಕಾದ ಮಾಜಿ ನಾಯಕಿ ಡೇನ್ ವಾನ್ ನೀಕರ್ಕ್ ಅವರ ಪತ್ನಿ, ಮದುವೆ 2018ರಲ್ಲಿ. ವಾನ್ ನೀಕರ್ಕ್ 2023ರಲ್ಲಿ ನಮ್ಮ ಆರ್‌ಸಿಬಿ ತಂಡದಲ್ಲಿದ್ದರು, ಪತ್ನಿಯ ಜೊತೆ ಬಾಳುತ್ತಿರುವ ಆಸ್ಟ್ರೇಲಿಯಾದ ಮೇಗನ್ ಶೂಟ್ ಕೂಡ ಇದ್ದರು. ಆರ್‌ಸಿಬಿ ಅಭಿಮಾನಿಗಳು ಇದಕ್ಕಾಗಿ ತಂಡ ಬದಲಿಸಿದ್ದು ಎಲ್ಲೂ ಕಾಣಲಿಲ್ಲ. ಮಹಿಳಾ ಕ್ರಿಕೆಟ್‌ನ ಈ ನಿರಾಳತೆ ಪುರುಷರ ಕ್ರಿಕೆಟ್‌ಗೆ ತಾನಾಗಿ ಹರಿಯುತ್ತದೆಂಬ ಭ್ರಮೆ ನಮಗಿಲ್ಲ. ಪುರುಷರಲ್ಲಿ ಇಂಗ್ಲೆಂಡಿನ ವಿಕೆಟ್ ಕೀಪರ್ ಸ್ಟೀವನ್ ಡೇವಿಸ್ 2011ರಲ್ಲಿ ಹೇಳಿದರು, ಆಮೇಲೂ ವರ್ಷಗಟ್ಟಲೆ ಕೌಂಟಿ ಆಡಿದರು. ನ್ಯೂಜಿಲೆಂಡ್‌ನ ಹೀತ್ ಡೇವಿಸ್ ಹೇಳಿದ್ದು ಆಟ ಬಿಟ್ಟು ಎಷ್ಟೋ ಕಾಲವಾದ ಮೇಲೆ, 2022ರಲ್ಲಿ. ಕ್ರಿಕೆಟಿಗನಿಗೆ ಇನ್ನೊಂದು ತೊಡಕೂ ಇದೆ. ಅವನು ಪ್ರವಾಸ ಹೋಗಬೇಕಾದ ಪಾಕಿಸ್ತಾನ, ಬಾಂಗ್ಲಾದೇಶ, ಜಮೈಕಾದಲ್ಲಿ, ಐಪಿಎಲ್ ಕೂಡ ಹೋಗಿ ಬಂದ ಯುಎಇಯಲ್ಲಿ ಇದು ಇವತ್ತಿಗೂ ಅಪರಾಧ.

ಭಾರತದಲ್ಲಿ ಅಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಕಲಮಿನ ಹಿಡಿತ ಸಡಿಲಿಸಿತು. ಅದಾದ ಎಂಟು ತಿಂಗಳಿಗೆ, 2019ರ ಮೇನಲ್ಲಿ, ಓಟಗಾರ್ತಿ ದ್ಯುತಿ ಚಾಂದ್ ತಮಗೆ ಸಂಗಾತಿ ಇದ್ದಾಳೆ ಎಂದು ಹೇಳಿದರು. ಜುಲೈನಲ್ಲಿ ನೇಪಲ್ಸ್‌ನ ವಿಶ್ವ ವಿಶ್ವವಿದ್ಯಾಲಯ ಕೂಟದ 100 ಮೀಟರ್ ಓಟವನ್ನು 11.32 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು.

ಇಲ್ಲಿ ಸಂಪಾದಕರಾದ ತಮ್ಮ ಮೇಜಿಗೇ ಒಂದು ದೂರು. ಇಂಥ ಸುದ್ದಿಗೆ ಕನ್ನಡದಲ್ಲಿ ಬರುವ ತಲೆಬರಹಗಳ ಕ್ರಿಯಾಪದ ನೋಡಿ: ‘ಸಲಿಂಗಕಾಮಿ ಎಂದು ಒಪ್ಪಿಕೊಂಡ ಆಟಗಾರ’. ಒಪ್ಪಿಕೊಳ್ಳುವುದು ಕಳ್ಳ, ಅದೂ ಪೊಲೀಸರ ಮುಂದೆ. ‘ಹೇಳಿದ’, ‘ಹೇಳಿಕೊಂಡ’, ‘ತಿಳಿಸಿದ’ ಎಂಬ ಮಾತುಗಳು ಕಾಲಂನಲ್ಲಿ ಇನ್ನೂ ಕಡಿಮೆ ಜಾಗ ತಿನ್ನುತ್ತವೆ. ‘ಸಲಿಂಗಕಾಮಿ’ಯ ಬಾಲದಲ್ಲಿರುವ ‘ಕಾಮಿ’ಯನ್ನು ಬೇರೆ ಯಾರ ಹೆಸರಿಗೂ ನಾವು ಅಂಟಿಸುವುದಿಲ್ಲ, ಹೆಂಡತಿ ಇರುವ ಬ್ಯಾಟರನ್ನು ‘ಸ್ತ್ರೀಕಾಮಿ ಬ್ಯಾಟರ್’ ಎಂದು ಬರೆದೀರಾ? ಗೇ, ಲೆಸ್ಬಿಯನ್ ಎಂದೇ ಕನ್ನಡ ಅಕ್ಷರದಲ್ಲಿ ಬರೆದರೆ ಓದುಗರಿಗೆ ಅರ್ಥವಾಗುತ್ತದೆ. ಕಾನೂನಿನ ಸಂದರ್ಭಕ್ಕೆ ‘ಲೈಂಗಿಕ ಅಲ್ಪಸಂಖ್ಯಾತರು’ ಎಂಬ ಬಳಕೆ ಕರ್ನಾಟಕದಲ್ಲಿ ಆಗಲೇ ಬೇರೂರಿದೆ. ಮದುವೆಯಾದವರ ಜೊತೆಗಾರ್ತಿಯನ್ನು ‘ಗೆಳತಿ’ ಎಂದು ಬರೆಯಬೇಡಿ, ಪತ್ನಿ ಎನ್ನಿ. ಮದುವೆಯಾಗದಿದ್ದರೆ ಸಂಗಾತಿ ಎನ್ನಿ. ‘ಶಾಕಿಂಗ್’ ಮತ್ತು ‘ಸ್ಫೋಟಕ’ ಇವೆರಡನ್ನು ಪಟಾಕಿ ಅಂಗಡಿ ಸುದ್ದಿಗೆ ಎತ್ತಿಡಿ.

ಕ್ರೀಡಾಂಗಣ ನಡೆಸುವವರಿಗೂ ಕೆಲವು ಸಲಹೆ. ಆ್ಯಪ್ ಮಾಡಿಸಲು ಹೋಗಬೇಡಿ. ಮೂವತ್ತು ಸಾವಿರ ಜನ ಒಮ್ಮೆಗೇ ರೀಲ್ಸ್ ಹಾಕುವ ಜಾಗದಲ್ಲಿ ಡೇಟಾ ಕೆಲಸ ಮಾಡದು, ಆದರೆ ಹಳೆಯ ಕಾಲದ ಎಸ್‌ಎಂಎಸ್ ಎರಡನೇ ಸಲಕ್ಕಾದರೂ ಹೋಗುತ್ತದೆ. ಒಂದೇ ಸಂಖ್ಯೆ ಸಾಕು, ಮಹಿಳೆಯರಿಗೆ ಕಿರುಕುಳ, ಜನಾಂಗ ನಿಂದನೆ, ಗೇ ನಿಂದನೆ ಎಲ್ಲದಕ್ಕೂ. ಬೇರೆ ಸಂಖ್ಯೆ ಇಟ್ಟರೆ ಗೇ ಅಭಿಮಾನಿ ಅದನ್ನು ಒತ್ತಲು ಹೆದರುತ್ತಾನೆ, ಪಕ್ಕದವನು ಪರದೆ ನೋಡಿಬಿಟ್ಟರೆ? ಟಿಕೆಟ್‌ನ ಷರತ್ತುಗಳಲ್ಲಿ ‘ಅಸಭ್ಯ ವರ್ತನೆ’ ಎಂದು ಮೊಗಮ್ಮಾಗಿ ಬರೆಯುವ ಬದಲು ಲಿಂಗ, ಲೈಂಗಿಕತೆ, ಜಾತಿ, ಬಣ್ಣ, ಊರನ್ನು ಹಿಡಿದು ನಿಂದಿಸಿದರೆ ಹೊರಹಾಕಲಾಗುವುದು ಎಂದು ಬಿಡಿಸಿ ಬರೆಯಿರಿ. ಟಿಕೆಟ್ ಎಂಬುದು ಒಂದು ಒಪ್ಪಂದ, ಬರೆದದ್ದರ ಬಲದ ಮೇಲಷ್ಟೇ ಸಿಬ್ಬಂದಿ ಮಾತಾಡಬಲ್ಲ. ಸಿಬ್ಬಂದಿಗೆ ಪಂದ್ಯದ ಮುಂಜಾನೆ ಊಟದ ಕೂಪನ್ ಹಂಚುವಾಗಲೇ ಹದಿನೈದು ನಿಮಿಷ ತೆಗೆದು, ಮೇಲಿನ ಕನ್ನಡದ ಬೈಗುಳಗಳನ್ನು ಒಂದೊಂದಾಗಿ ಹೇಳಿಕೊಡಿ. ನಾಚಿಕೆಪಟ್ಟು ಅವನ್ನು ಬಾಯಲ್ಲಿ ಆಡದಿದ್ದರೆ ತರಬೇತಿಯೇ ವ್ಯರ್ಥ.

ಡಿಜೆಯನ್ನು ಮರೆಯಬೇಡಿ. ಟಿ20 ಪಂದ್ಯದಲ್ಲಿ ಗ್ಯಾಲರಿಯ ಹಿಡಿತ ಇರುವುದು ಪೊಲೀಸರಿಗಿಂತ ಹೆಚ್ಚಾಗಿ ಅವನ ಕೈಯಲ್ಲಿ. ಕೆಟ್ಟ ಕೂಗು ತಾಳ ಹಿಡಿದು ಏಳುತ್ತಿದೆ ಎಂದು ನಿಯಂತ್ರಣ ಕೊಠಡಿಯಿಂದ ವಾಕಿಟಾಕಿಯಲ್ಲಿ ಒಂದು ಮಾತು ಬಂದರೆ ಅವನು ಹಾಡು ಬದಲಿಸಬಲ್ಲ. ಅರ್ಧ ಓವರಿನಲ್ಲಿ ಕೂಗು ಚದುರುತ್ತದೆ, ಯಾರನ್ನೂ ಮುಟ್ಟಬೇಕಾಗಿಲ್ಲ. ಕಂಠೀರವದಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ಡಿಜೆಯ ಜಾಗದಲ್ಲಿ ಡ್ರಮ್ ಬಾರಿಸುವ ಅಭಿಮಾನಿಗಳಿದ್ದಾರೆ, ಅವರ ಜೊತೆ ಋತು ಶುರುವಾಗುವ ಮೊದಲೇ ಕೂತು ಮಾತಾಡಬೇಕು. ದೂರಿನ ಸಂಖ್ಯೆಯನ್ನು ಟಿಕೆಟ್‌ನ ಹಿಂಬದಿಯಲ್ಲಿ ಅಚ್ಚು ಹಾಕಿ ಕೈತೊಳೆದುಕೊಳ್ಳುವುದೂ ಬೇಡ, ಟಿಕೆಟ್ ಈಗ ಮೊಬೈಲಿನೊಳಗೆ ಸೇರಿದೆ. ಮುಂದಿನ ಸೀಟಿನ ಬೆನ್ನಿಗೆ, ಸೀಟು ಸಂಖ್ಯೆಯ ಕೆಳಗೇ ಅಂಟಿಸಿ. ದೂರು ಬರೆಯುವವನಿಗೆ ಎರಡೂ ಒಂದೇ ನೋಟಕ್ಕೆ ಸಿಗುತ್ತವೆ, ಕತ್ತು ತಿರುಗಿಸಿ ಹಿಂದೆ ನೋಡಬೇಕಾಗುವುದಿಲ್ಲ.

ಇತಿ,
ಕೆಲವು ಕ್ರೀಡಾಭಿಮಾನಿಗಳು
ಬೆಂಗಳೂರು